ಮನೆಯ ಯಜಮಾನಿಕೆ ಯಾರದು?



ನಿಮ್ಮ ಮನೆಯ ಪಡಿತರ ಚೀಟಿಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಅದರಲ್ಲಿ ಮೊದಲ ಹೆಸರು ಯಾರದು? ಬಹುಮಟ್ಟಿಗೆ ಹೆಂಗಸಿನದು. 2013ರ ಆಹಾರ ಭದ್ರತಾ ಕಾಯ್ದೆ ಹಾಗೆ ವಿಧಿಸಿದೆ. 18 ತುಂಬಿದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು ಯಾರೋ, ಚೀಟಿಯ ಮಟ್ಟಿಗೆ ಅವಳೇ ಮನೆಯ ಮುಖ್ಯಸ್ಥೆ. ನಮ್ಮ ರಾಜ್ಯದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಸೇರುವುದೂ ಮನೆಯ ಯಜಮಾನಿಯ ಖಾತೆಗೆ. ಅದೇ ಮನೆಯಲ್ಲಿ ಇನ್ನೊಂದು ಕಾಗದ ಇದೆ. ಅದರಲ್ಲಿ ಬೇರೆ ಹೆಸರು ಇರಬಹುದು. ಆ ಕಾಗದದ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಮನೆಯ ಯಜಮಾನಿಕೆ ಯಾರದು? ಈ ಹೊತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ. ನಾನು ಕಾರ್ಕಳದ ಕಡೆಯವಳು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿದವಳು. ಪ್ಲೇಟೋ, ಅರಿಸ್ಟಾಟಲ್, ಹಾಬ್ಸ್, ಲಾಕ್ ಇವರನ್ನು ವರ್ಷವರ್ಷವೂ ಪಾಠ ಮಾಡಿದೆ. ರಾಜ್ಯ ಹೇಗೆ ಹುಟ್ಟಿತು, ಅರಸನಿಗೆ ಅಧಿಕಾರ ಎಲ್ಲಿಂದ ಬಂತು, ಪ್ರಜೆ ಯಾಕೆ ಅವನ ಮಾತು ಕೇಳಬೇಕು, ಇವು ಅವರ ಪ್ರಶ್ನೆಗಳು. ದೊಡ್ಡ ಪ್ರಶ್ನೆಗಳೇ. ಆದರೆ ಈ ಚಿಂತಕರೆಲ್ಲ ಮನೆಯ ಹೊಸ್ತಿಲ ಹತ್ತಿರ ಬಂದಾಗ ಯಾಕೆ ನಿಂತುಬಿಡುತ್ತಾರೆ ಎಂಬುದು ನನಗೆ ಬಹಳ ಕಾಲ ಹೊಳೆಯಲಿಲ್ಲ. ಅದನ್ನು ತೋರಿಸಿಕೊಟ್ಟವರು ಸ್ತ್ರೀವಾದಿ ಚಿಂತಕಿಯರು. ಅವರ ಕಣ್ಣಿನಿಂದ ನೋಡಲು ಕಲಿತ ಮೇಲೆ ನನ್ನ ಅಜ್ಜಿಯ ಮನೆಯೂ ಬೇರೆಯಾಗಿ ಕಂಡಿತು.

ಮೊದಲು ಅರಿಸ್ಟಾಟಲನ ಕಡೆ ಹೋಗೋಣ. ಸುಮಾರು 2,300 ವರ್ಷಗಳ ಹಿಂದಿನ ಮಾತು. ಅವನ ಪ್ರಕಾರ ರಾಜ್ಯ ಬೇರೆ, ಮನೆ ಬೇರೆ. ರಾಜ್ಯದಲ್ಲಿ ಸಮಾನರು ಸಮಾನರನ್ನು ಆಳುತ್ತಾರೆ. ಮನೆಯಲ್ಲಿ ಹಾಗಲ್ಲ. ಅಲ್ಲಿ ಗಂಡಸು ಹೆಂಡತಿಯನ್ನು, ಮಕ್ಕಳನ್ನು, ಗುಲಾಮರನ್ನು ಆಳುತ್ತಾನೆ. ಅದು ಪ್ರಕೃತಿಯ ನಿಯಮ ಎಂದು ಅವನು ತಿಳಿದಿದ್ದ. ಅವನ ಕಾಲಕ್ಕೆ ಸ್ಪಾರ್ಟಾ ಎಂಬ ರಾಜ್ಯದಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಭೂಮಿ ಹೆಂಗಸರ ಕೈಯಲ್ಲಿತ್ತು. ಇದನ್ನು ಅವನೇ ಬರೆದಿದ್ದಾನೆ. ಬರೆದದ್ದು ಮೆಚ್ಚಿಗೆಯಿಂದಲ್ಲ. ಸ್ಪಾರ್ಟಾ ಕೆಡಲು ಅದೂ ಒಂದು ಕಾರಣ ಎಂದು ದೂರುತ್ತಾನೆ. ಹೆಣ್ಣಿನ ಕೈಗೆ ಜಾಗ ಹೋದರೆ ಊರು ಹಾಳು ಎಂಬ ಮಾತನ್ನು ನಮ್ಮ ಊರ ಚಾವಡಿಗಳಲ್ಲೂ ಕೇಳಿದವರಿದ್ದೀರಿ. ಆ ಮಾತಿಗೆ ಅಷ್ಟು ವಯಸ್ಸಾಗಿದೆ.

ಅವನ ಗುರು ಪ್ಲೇಟೋ ಬೇರೆ ದಾರಿ ಹಿಡಿದಿದ್ದ. ಆದರ್ಶ ರಾಜ್ಯದಲ್ಲಿ ಹೆಂಗಸರೂ ಆಳಬಹುದು ಎಂದ. ಈ ಮಾತನ್ನು ತುಂಬ ಜನ ಕೊಂಡಾಡಿದ್ದಾರೆ. ಆದರೆ ಸೂಸನ್ ಮೊಲರ್ ಓಕಿನ್ ಎಂಬ ವಿದ್ವಾಂಸೆ ಅದನ್ನು ಬೇರೆಯಾಗಿ ಓದಿದಳು. ಆಕೆ ನ್ಯೂಜಿಲೆಂಡಿನಲ್ಲಿ ಹುಟ್ಟಿದವಳು. ಪಾಶ್ಚಾತ್ಯ ರಾಜಕೀಯ ಚಿಂತನೆಯಲ್ಲಿ ಹೆಂಗಸರ ಸ್ಥಾನ ಏನು ಎಂಬ ಬಗ್ಗೆ 1979ರಲ್ಲಿ ಒಂದು ಪುಸ್ತಕ ಪ್ರಕಟಿಸಿದಳು. ಪ್ಲೇಟೋ ಹೆಂಗಸರನ್ನು ಆಳುವವರ ಸಾಲಿಗೆ ಸೇರಿಸಿದ್ದು ಯಾವಾಗ ಎಂದು ಅವಳು ಗಮನಿಸಿದಳು. ಆಳುವ ವರ್ಗಕ್ಕೆ ಸ್ವಂತ ಮನೆ ಬೇಡ, ಸ್ವಂತ ಆಸ್ತಿ ಬೇಡ ಎಂದು ಅವನು ತೀರ್ಮಾನಿಸಿದಾಗ. ಮುಪ್ಪಿನಲ್ಲಿ ಬರೆದ ಇನ್ನೊಂದು ಗ್ರಂಥದಲ್ಲಿ ಅವನು ಮನೆ ಮತ್ತು ಆಸ್ತಿ ಎರಡನ್ನೂ ತಿರುಗಿ ತಂದ. ಕೂಡಲೇ ಹೆಂಗಸು ಯಾರದೋ ಹೆಂಡತಿಯಾಗಿ ಒಳಗೆ ಹೋದಳು. ಅಂದರೆ ಹೆಣ್ಣಿನ ಬುದ್ಧಿ, ಶಕ್ತಿಗಳ ಬಗ್ಗೆ ಪ್ಲೇಟೋ ಮನಸ್ಸು ಬದಲಿಸಿದ್ದಲ್ಲ. ಆಸ್ತಿಯ ಕಟ್ಟು ಬದಲಾಯಿತು, ಹೆಣ್ಣಿನ ಸ್ಥಾನ ಬದಲಾಯಿತು. ಈ ಮಾತನ್ನು ನೆನಪಿಡಿ. ತುಳುನಾಡಿನವರಿಗೆ ಇದು ಚೆನ್ನಾಗಿ ಅರ್ಥವಾಗಬೇಕು.

ಇಲ್ಲಿಯವರೆಗೆ ಹೇಳಿದ್ದಿಷ್ಟು. ಹಳೆಯ ಚಿಂತಕರು ರಾಜ್ಯವನ್ನೂ ಮನೆಯನ್ನೂ ಬೇರೆ ಮಾಡಿದರು. ಮನೆಯ ಯಜಮಾನ ಗಂಡಸು ಎಂದು ಮೊದಲೇ ಎಣಿಸಿಕೊಂಡರು. ಈಗ ಸುಮಾರು 2,000 ವರ್ಷ ದಾಟಿ 17ನೇ ಶತಮಾನಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಅರಸ ಮತ್ತು ಪಾರ್ಲಿಮೆಂಟಿನ ನಡುವೆ ದೊಡ್ಡ ಜಗಳ ನಡೆದ ಕಾಲ ಅದು. ಅರಸನ ಅಧಿಕಾರ ಎಲ್ಲಿಂದ ಬಂತು ಎಂಬುದೇ ವಾದ.

ರಾಬರ್ಟ್ ಫಿಲ್ಮರ್ ಎಂಬವನ ಉತ್ತರ ಇದು: ಅರಸನೆಂದರೆ ತಂದೆ, ಮೊದಲ ಅರಸ ಆದಿಪುರುಷ ಆದಾಮ. ಜಾನ್ ಲಾಕ್ ಅದನ್ನು ಖಂಡಿಸಿದ. 1690ರ ಹೊತ್ತಿಗೆ ಹೊರಬಂದ ಗ್ರಂಥದಲ್ಲಿ ಒಂದು ಒಳ್ಳೆಯ ಪಟ್ಟು ಹಾಕಿದ. ತಂದೆಯನ್ನು ಮಾತ್ರವಲ್ಲ, ತಂದೆ ತಾಯಿ ಇಬ್ಬರನ್ನೂ ಗೌರವಿಸಬೇಕೆಂದು ಬೈಬಲ್ ವಿಧಿಸುತ್ತದೆ, ಫಿಲ್ಮರ್ ತಾಯಿಯನ್ನು ಬಿಟ್ಟದ್ದು ಯಾಕೆ ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಆದರೆ ಅದೇ ಲಾಕ್ ಮುಂದೆ ಏನು ಹೇಳುತ್ತಾನೆ? ಗಂಡ ಹೆಂಡತಿಗೆ ಭಿನ್ನಾಭಿಪ್ರಾಯ ಬಂದರೆ ಕೊನೆಯ ಮಾತು ಗಂಡನದು, ಅವನು ಹೆಚ್ಚು ಸಮರ್ಥ, ಹೆಚ್ಚು ಬಲಿಷ್ಠ ಎನ್ನುತ್ತಾನೆ. ಅರಸನ ಎದುರು ತಾಯಿಯನ್ನು ಸಾಕ್ಷಿಗೆ ಕರೆದ. ಸಾಕ್ಷಿ ಮುಗಿಯಿತು, ತಾಯಿಯನ್ನು ಒಳಗೆ ಕಳಿಸಿದ.

ಥಾಮಸ್ ಹಾಬ್ಸ್ ಇನ್ನೂ ದಿಟ್ಟ. ಅವನ ದೊಡ್ಡ ಗ್ರಂಥ ಬಂದದ್ದು 1651ರಲ್ಲಿ. ಕಾನೂನು, ಮದುವೆ ಯಾವುದೂ ಇಲ್ಲದ ಸ್ಥಿತಿಯಲ್ಲಿ ಮಗುವಿನ ಮೇಲೆ ಅಧಿಕಾರ ಯಾರದು ಎಂದು ಅವನು ಕೇಳಿಕೊಂಡ. ತಾಯಿಯದು ಎಂದ. ಯಾಕೆಂದರೆ ತಂದೆ ಯಾರು ಎಂದು ತಾಯಿ ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಹಾಗಿದ್ದರೆ ಆ ತಾಯಿ ತನ್ನ ಅಧಿಕಾರ ಕಳೆದುಕೊಂಡದ್ದು ಯಾವಾಗ? ಹಾಬ್ಸ್ ಇದಕ್ಕೆ ಹೆಚ್ಚು ಹೇಳುವುದಿಲ್ಲ. ರಾಜ್ಯಗಳನ್ನು ಕಟ್ಟಿದವರು ತಂದೆಯರು, ತಾಯಂದಿರಲ್ಲ ಎಂದು ಮುಂದೆ ಸಾಗುತ್ತಾನೆ.

ಈಗ ನಮ್ಮ ಕರಾವಳಿಗೆ ಬನ್ನಿ. ಹಾಬ್ಸ್ ಆ ಗ್ರಂಥ ಬರೆಯುವುದಕ್ಕೆ ಸುಮಾರು 28 ವರ್ಷ ಮೊದಲು, 1623ರಲ್ಲಿ, ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಮಂಗಳೂರಿಗೆ ಬಂದ. ಉಳ್ಳಾಲದ ರಾಣಿಯನ್ನು ನೋಡಬೇಕೆಂದು ಮಣೇಲ್ ಎಂಬ ಊರಿಗೆ ಹೋದ. ರಾಣಿ ಚೌಟ ವಂಶದವಳು, ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆತನ. ಅರಮನೆಯಲ್ಲಿ, ಸಿಂಹಾಸನದ ಮೇಲೆ ಕಾಣುತ್ತಾಳೆ ಎಂದುಕೊಂಡಿದ್ದನೋ ಏನೋ. ರಾಣಿ ದಾರಿಯಲ್ಲೇ ಎದುರಾದಳು. ನಡೆದುಕೊಂಡು ಬರುತ್ತಿದ್ದಳು. ಬರಿಗಾಲು. ಸೊಂಟಕ್ಕೆ ಸಾದಾ ಬಿಳಿಯ ಹತ್ತಿ ಬಟ್ಟೆ. ತಲೆಯ ಮೇಲೆ ತಾಳೆಗರಿಯ ಕೊಡೆ. ಸುತ್ತ ಕೆಲವೇ ಜನ. ಎಲ್ಲಿಗೆ ಹೊರಟಿದ್ದಳು? ಗದ್ದೆಗಳಿಗೆ ನೀರು ಹಾಯಿಸಲು ತಾನೇ ತೋಡಿಸಿದ ಕಾಲುವೆಯ ಕೆಲಸ ನೋಡಲು.

ಅಡಿಗೆಮನೆಯ ಕೆಲಸದವಳಂತೆ ಕಂಡಳು ಎಂದು ಆ ಪ್ರವಾಸಿ ಬರೆದಿದ್ದಾನೆ. ಮಾತಾಡಿದ ಮೇಲೆಯೇ ರಾಣಿಯೆಂದು ಮನಸ್ಸಿಗೆ ಬಂತಂತೆ. ಕೇಳುಗರೇ, ಆ ಮಾತಿನಲ್ಲಿ ಅಣಕ ಇರಬಹುದು. ನನಗೆ ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ. ಅವನ ದೇಶದ ಚಿಂತನೆಯಲ್ಲಿ ಅಡಿಗೆಮನೆ ಒಂದು ಕಡೆ, ರಾಜ್ಯ ಇನ್ನೊಂದು ಕಡೆ. ಎರಡೂ ಒಂದೇ ಮೈಯಲ್ಲಿ ನಡೆದು ಬಂದಾಗ ಅವನ ಕಣ್ಣಿಗೆ ಗುರುತು ಹತ್ತಲಿಲ್ಲ. ಆ ಪ್ರವಾಸದ ಬರಹ 1665ರಲ್ಲಿ ಇಂಗ್ಲಿಷಿಗೆ ಬಂತು. ಲಂಡನ್ನಿನಲ್ಲಿ ಅಚ್ಚಾಯಿತು. ಲಾಕ್ ತನ್ನ ಗ್ರಂಥ ಪ್ರಕಟಿಸುವುದಕ್ಕೆ ಸುಮಾರು 25 ವರ್ಷ ಮೊದಲೇ ಕಾಲುವೆ ನೋಡಲು ನಡೆದು ಹೊರಟ ನಮ್ಮ ರಾಣಿ ಆ ಊರಿನ ಪುಸ್ತಕದಂಗಡಿ ಸೇರಿದ್ದಳು.

ಉಳ್ಳಾಲದ ಮಾತು ಬಂದಾಗ ಬಾರಕೂರನ್ನು ಮರೆಯಬಾರದು. 13ನೇ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿ ಆಳುಪ ವಂಶದ ಬಲ್ಲಮಹಾದೇವಿ ಆಳಿದಳು. ಗಂಡರಸರು ಧರಿಸುತ್ತಿದ್ದ ಬಿರುದುಗಳನ್ನೇ ಧರಿಸಿದಳು.

ಹಿಂದಿನ ಮಾತನ್ನು ಒಮ್ಮೆ ಸೇರಿಸಿಕೊಳ್ಳೋಣ. ಯುರೋಪಿನ ಚಿಂತಕರು ತಾಯಿಯ ಅಧಿಕಾರವನ್ನು ಊಹಿಸಿದರು, ಒಂದೆರಡು ಪುಟದಲ್ಲಿ ದಾಟಿಹೋದರು. ಅವರು ಊಹೆಯಲ್ಲಿ ಕಂಡದ್ದಕ್ಕೆ ಹತ್ತಿರವಾದ ಒಂದು ವ್ಯವಸ್ಥೆ ನಮ್ಮ ನೆಲದಲ್ಲಿ ನಡೆಯುತ್ತಿತ್ತು. ಅದೇ ಅಳಿಯಸಂತಾನ, ನಮ್ಮ ಮಾತಿನ ಅಳಿಯಕಟ್ಟು. ಬಂಟರು, ಬಿಲ್ಲವರು, ಮೊಗವೀರರು, ತುಳುನಾಡಿನ ಜೈನರು, ಇನ್ನೂ ಕೆಲವು ಸಮುದಾಯದವರು ಇದನ್ನು ಪಾಲಿಸಿದರು. ಬ್ರಾಹ್ಮಣರದ್ದೂ ಕ್ರೈಸ್ತರದ್ದೂ ಬೇರೆ ಕಟ್ಟು.

ಅಳಿಯಕಟ್ಟಿನಲ್ಲಿ ಕುಟುಂಬ ತಾಯಿಯಿಂದ ಎಣಿಕೆಯಾಗುತ್ತದೆ. ಬಳಿ, ಅಂದರೆ ಕುಲದ ಹೆಸರು, ತಾಯಿಯದು. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು, ಹೀಗೆ ಸಾಗುವ ಗುಂಪಿಗೆ ‘ಕವರು’ ಎಂದು ಹೆಸರು. ಆಸ್ತಿ ಕವರಿನದು. ಗಂಡಸಿನ ಆಸ್ತಿ ಅವನ ಮಗನಿಗಲ್ಲ, ಸೋದರಿಯ ಮಗನಿಗೆ. ಕಾರ್ಕಳದ ಭೈರರಸರು ಹೀಗೆಯೇ ಪಟ್ಟಕ್ಕೆ ಬಂದವರು. ಗೊಮ್ಮಟ ಬೆಟ್ಟದ ಎದುರು ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೂ ಬಾಗಿಲಿರುವ ಕಲ್ಲಿನ ಕಟ್ಟಡ. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ್ದು. ಶಾಸನದಲ್ಲಿ ಅವನ ಗುರುತು ಹೇಗಿದೆ ಗೊತ್ತೇ? ಹಿಂದಿನ ಭೈರವರಾಜನ ಸೋದರಿ ಗುಮ್ಮಟಾಂಬೆಯ ಮಗ. ಬಸದಿ ನೋಡಲು ಬರುವವರು ಕಂಬ ಎಣಿಸುತ್ತಾರೆ. ಆ ತಾಯಿಯ ಹೆಸರನ್ನೂ ಯಾರಾದರೂ ಹೇಳಿಕೊಡಬೇಕು.

ಈ ಕಟ್ಟು ಹುಟ್ಟಿದ್ದಕ್ಕೆ ನಮ್ಮಲ್ಲಿ ಒಂದು ಕಥೆ ಇದೆ. ಭೂತಾಳ ಪಾಂಡ್ಯನ ಕಥೆ. ದೇವಪಾಂಡ್ಯ ಎಂಬ ಅರಸ ಹಡಗು ಕಟ್ಟಿಸಿದ. ಕುಂಡೋದರ ಎಂಬ ಭೂತರಾಜ ನರಬಲಿ ಕೇಳಿದ. ಅರಸ ಹೆಂಡತಿಯ ಹತ್ತಿರ ಒಬ್ಬ ಮಗನನ್ನು ಕೊಡು ಎಂದ. ಅವಳು ಕೊಡಲಿಲ್ಲ. ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ಅರಸನ ಸೋದರಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಕೊಟ್ಟಳು. ಕುಂಡೋದರ ಮೆಚ್ಚಿದ. ಬಲಿ ಬೇಡವೆಂದ. ಅದೇ ಹುಡುಗ ಭೂತಾಳ ಪಾಂಡ್ಯನಾದ. ಇನ್ನು ಮುಂದೆ ಆಸ್ತಿ ಮಗನಿಗಲ್ಲ, ಅಳಿಯನಿಗೆ ಎಂದು ಕಟ್ಟು ಮಾಡಿದ.

ಚಿಕ್ಕಂದಿನಲ್ಲಿ ಈ ಕಥೆ ಕೇಳಿ ಸತ್ಯವತಿಯನ್ನು ಮೆಚ್ಚಿದ್ದೆ. ಈಗ ಅದು ನನ್ನಿಂದಾಗುವುದಿಲ್ಲ. ಕಥೆ ಏನು ಹೇಳುತ್ತಿದೆ ನೋಡಿ. ಹೆಣ್ಣಿಗೆ ಹಕ್ಕು ಬಂತು. ಯಾಕೆ ಬಂತು? ಅಣ್ಣನಿಗಾಗಿ ತನ್ನ ಮಗುವನ್ನು ಬಲಿಗೆ ಕೊಡಲು ಒಪ್ಪಿದ್ದಕ್ಕೆ. ಒಪ್ಪದವಳಿಗೆ ಹಕ್ಕೂ ಇಲ್ಲ, ಕಥೆಯಲ್ಲಿ ಒಂದು ಒಳ್ಳೆಯ ಮಾತೂ ಇಲ್ಲ. ತಾಯಿಯ ಕಡೆಯ ಹಕ್ಕನ್ನು ಸಾರುವ ಕಥೆಯೇ ಒಬ್ಬ ತಾಯಿಯನ್ನು ದೂರುತ್ತದೆ. ನಾನು ಈಗ ಆ ಹೆಸರಿಲ್ಲದ ಹೆಂಡತಿಯ ಪಕ್ಷ. ಹಡಗಿಗಾಗಿ ಮಗುವನ್ನು ಕೊಡುವುದಿಲ್ಲ ಎಂದು ಅರಸನ ಮುಖಕ್ಕೆ ಹೇಳಿ ನಡೆದವಳು ಅವಳು. ರಾಜ್ಯದ ಅಧಿಕಾರಕ್ಕೆ ಎಲ್ಲಿ ಮಿತಿ ಎಂದು ಹಾಬ್ಸ್, ಲಾಕ್ ತಲೆ ಕೆಡಿಸಿಕೊಂಡರಲ್ಲ, ಅದಕ್ಕೆ ಅವಳು ತನ್ನ ಕಾಲಿನಿಂದಲೇ ಉತ್ತರ ಕೊಟ್ಟಿದ್ದಾಳೆ.

ಆಸ್ತಿ ತಾಯಿಯ ಕಡೆಯಿಂದ ಬಂತು, ಸರಿ. ಇಲ್ಲಿಗೆ ನಮ್ಮ ಮೊದಲ ಪ್ರಶ್ನೆ ತಿರುಗಿ ಬರುತ್ತದೆ. ಯಜಮಾನಿಕೆ ಯಾರದು?

ಲೆಕ್ಕಪ್ರಕಾರ ಕುಟುಂಬದ ಹಿರಿಯರದು. ಗಂಡಸಾದರೆ ಯಜಮಾನ, ಹೆಂಗಸಾದರೆ ಯಜಮಾನ್ತಿ. ಯಜಮಾನ್ತಿಯರು ಇದ್ದರು, ವ್ಯವಹಾರ ನಡೆಸಿದರು. ಆದರೆ ಬಹಳಷ್ಟು ಮನೆಗಳಲ್ಲಿ ಅಧಿಕಾರ ನಡೆಸಿದ್ದು ಅಣ್ಣ, ಅಂದರೆ ಮಕ್ಕಳಿಗೆ ಸೋದರಮಾವ. ಊರಿನ ಹಿರಿಯ ಮನೆತನಗಳಾದ ಗುತ್ತಿನ ಮನೆಗಳಲ್ಲಿ ಗಡಿ ಹಿಡಿಯುವುದು, ಅಂದರೆ ಮುಖ್ಯಸ್ಥನ ಪಟ್ಟಕ್ಕೇರುವುದು, ಭೂತಾರಾಧನೆಯ ನೇಮದ ದಿನ ದೈವದ ಎದುರು ನಿಂತು ನುಡಿ ಕೇಳುವುದು, ಇವೂ ಸಾಮಾನ್ಯವಾಗಿ ಗಂಡಸರ ಪಾಲು.

ನನ್ನ ಅಜ್ಜಿಯ ಮನೆ ಕಾರ್ಕಳ ತಾಲೂಕಿನ ಒಂದು ಹಳ್ಳಿಯಲ್ಲಿತ್ತು. ಮುಂದೆ ಚಾವಡಿ. ಚಾವಡಿಯ ಹಿಂದೆ ಒಂದು ಎತ್ತರದ ಹೊಸ್ತಿಲು. ಅದರ ಆಚೆ ನಡುಮನೆ, ಅಡಿಗೆಮನೆ. ಅಜ್ಜಿಯ ಅಣ್ಣ ನಮಗೆ ದೊಡ್ಡಜ್ಜ. ಅವರು ಚಾವಡಿಯಲ್ಲಿ ಕೂತಿರುತ್ತಿದ್ದರು. ಒಕ್ಕಲುಗಳು ಗೇಣಿ ಅಕ್ಕಿಯ ಮುಡಿ ತಂದು ಇಳಿಸುತ್ತಿದ್ದರು. ಅಡಿಗೆಮನೆಯ ಬಾಗಿಲ ಹಿಂದೆ, ಮಸಿ ಹಿಡಿದ ಗೋಡೆಯ ಮೇಲೆ ಅಜ್ಜಿ ಸುಣ್ಣದಿಂದ ಗೀಟು ಎಳೆಯುತ್ತಿದ್ದರು. ಒಂದು ಮುಡಿಗೆ ಒಂದು ಗೀಟು. ಐದಾದರೆ ಅಡ್ಡ ಗೀಟು. ಯಾರ ಗೇಣಿ ಎಷ್ಟು ಬಾಕಿ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಈ ಸಲ ಬಿಡಬೇಕು, ಎಲ್ಲ ಆ ಗೋಡೆಯ ಹತ್ತಿರ ತೀರ್ಮಾನವಾಗುತ್ತಿತ್ತು. ತೀರ್ಮಾನ ಚಾವಡಿಗೆ ಮುಟ್ಟಬೇಕಲ್ಲ? ಅದಕ್ಕೆ ನಾನಿದ್ದೆ. ಐದಾರು ವರ್ಷದ ಹುಡುಗಿ. ‘ಎರಡು ಮುಡಿ ಬಿಡಲಿ ಅಂತ ದೊಡ್ಡಜ್ಜನಿಗೆ ಹೇಳು’ ಎನ್ನುವರು ಅಜ್ಜಿ. ನಾನು ಹೊಸ್ತಿಲು ಹಾರಿ ಹೋಗಿ ದೊಡ್ಡಜ್ಜನ ಕಿವಿಯಲ್ಲಿ ಹೇಳುತ್ತಿದ್ದೆ. ದೊಡ್ಡಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೇ ಯೋಚಿಸಿದವರ ಹಾಗೆ, ಎರಡು ಮುಡಿ ಬಿಟ್ಟೆ ಎನ್ನುತ್ತಿದ್ದರು. ಒಕ್ಕಲು ಕೈಮುಗಿಯುತ್ತಿದ್ದುದು ದೊಡ್ಡಜ್ಜನಿಗೆ.

ದೊಡ್ಡಜ್ಜ ಕೆಟ್ಟವರಲ್ಲ. ತಂಗಿಯ ಮೇಲೆ ಪ್ರೀತಿ ಇದ್ದವರು. ಆದರೂ ಕೇಳುತ್ತೇನೆ, ಆ ಹೊಸ್ತಿಲನ್ನು ಮಾತು ದಾಟಬಹುದಾಗಿದ್ದರೆ ಅಜ್ಜಿ ಯಾಕೆ ದಾಟಬಾರದಾಗಿತ್ತು?

ಇದಕ್ಕೆ ಒಂದು ಹೆಸರು ನನಗೆ ಸಿಕ್ಕಿದ್ದು ಬಹಳ ಕಾಲದ ಮೇಲೆ, ಕ್ಯಾರೊಲ್ ಪೇಟ್‌ಮನ್ ಎಂಬ ಸ್ತ್ರೀವಾದಿ ಚಿಂತಕಿ ಬರೆದ ಪುಸ್ತಕದಲ್ಲಿ. ಅದು 1988ರಲ್ಲಿ ಬಂತು. ಸಾಮಾಜಿಕ ಒಪ್ಪಂದದಿಂದ ರಾಜ್ಯ ಹುಟ್ಟಿತು ಎಂದು ಲಾಕ್, ರೂಸೋ ಮುಂತಾದವರು ಹೇಳಿದರಲ್ಲ, ಆ ಒಪ್ಪಂದದ ಕೆಳಗೆ ಇನ್ನೊಂದು ಒಪ್ಪಂದ ಅಡಗಿದೆ ಎಂಬುದು ಅವಳ ವಾದ. ಹೆಣ್ಣಿನ ಮೇಲೆ ಗಂಡಿನ ಅಧಿಕಾರವನ್ನು ಉಳಿಸಿಕೊಳ್ಳುವ ಒಪ್ಪಂದ. ತಂದೆಯ ಆಳ್ವಿಕೆ ಮುಗಿಯಿತು ಎಂದು ಹೊಸ ಕಾಲ ಸಾರಿತು. ಮುಗಿದದ್ದು ತಂದೆಯ ಆಳ್ವಿಕೆ ಮಾತ್ರ, ಆ ಜಾಗಕ್ಕೆ ಬಂದದ್ದು ಸೋದರರ ಆಳ್ವಿಕೆ ಎಂದು ಅವಳು ತೋರಿಸಿದಳು. ಫ್ರಾನ್ಸಿನ ಕ್ರಾಂತಿ ಸ್ವಾತಂತ್ರ್ಯ, ಸಮಾನತೆಗಳ ಜೊತೆ ಸಹೋದರತೆ ಎಂದಿತು. ಆ ಮೂರನೆಯ ಪದವನ್ನು ಅಕ್ಷರಶಃ ಓದಿ ಎಂದಳು. ಪೇಟ್‌ಮನ್ ಬರೆದದ್ದು ಯುರೋಪಿನ ಬಗ್ಗೆ. ಓದುತ್ತಾ ಇದ್ದಂತೆ ನನ್ನ ಕಣ್ಣ ಮುಂದೆ ಬಂದದ್ದು ದೊಡ್ಡಜ್ಜನ ಚಾವಡಿ. ಅಲ್ಲಿ ತಂದೆಗೆ ಅಧಿಕಾರವೇ ಇರಲಿಲ್ಲ. ನನ್ನ ಅಜ್ಜ ಬೇರೆ ಮನೆಯವರು, ಬಂದು ಹೋಗುವವರು. ತಂದೆಯ ಆಳ್ವಿಕೆ ಇಲ್ಲದ ಮನೆಯಲ್ಲೂ ಗಂಡಸಿನ ಆಳ್ವಿಕೆ ಇತ್ತು. ಅಳಿಯಕಟ್ಟು ಎಂಬ ಹೆಸರಿನಲ್ಲೇ ಅದು ಇದೆ. ಮಾವನಿಂದ ಅಳಿಯನಿಗೆ. ಹೆಣ್ಣು ನಡುವಿನ ಸೇತುವೆ.

ಹಾಗೆಂದು ಆ ಕಟ್ಟನ್ನು ಬರಿದೇ ತಳ್ಳಿಹಾಕಲಾರೆ. ಗಂಡ ತೀರಿಕೊಂಡರೆ ಅಜ್ಜಿ ಬೀದಿಗೆ ಬೀಳುತ್ತಿರಲಿಲ್ಲ. ಗಂಡನೊಂದಿಗೆ ಆಗದಿದ್ದರೆ ಬಂದು ನಿಲ್ಲಲು ಅವಳದೇ ಮನೆ ಇತ್ತು. ಅದು ಸಣ್ಣ ಸಂಗತಿಯಲ್ಲ. ಎಷ್ಟು ದೊಡ್ಡದು ಎಂಬುದಕ್ಕೆ ನಮ್ಮ ಕರಾವಳಿಯದೇ ಇನ್ನೊಬ್ಬ ಹುಡುಗಿಯ ಕಥೆ ಸಾಕು. ಕಮಲಾದೇವಿ ಚಟ್ಟೋಪಾಧ್ಯಾಯ 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದರು. ಸಾರಸ್ವತ ಮನೆತನ, ತಂದೆಯ ಕಡೆಯ ಕಟ್ಟು. ಕಮಲಾದೇವಿ ಚಿಕ್ಕವರಿದ್ದಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು. ಆಸ್ತಿ ಮಲಸೋದರನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೆ ತಿಂಗಳ ಖರ್ಚಿಗೆ ಇಷ್ಟು ಎಂದು ಕೊಡಲು ಬಂದರು. ಅವರು ಅದನ್ನು ಮುಟ್ಟಲಿಲ್ಲ. ಮಗಳು ಅದನ್ನು ಮರೆಯಲಿಲ್ಲ. 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿದರು. ಅಲ್ಪ ಅಂತರದಲ್ಲಿ ಸೋತರು. ಭಾರತದ ಮಹಿಳೆಯರ ಸ್ವಾತಂತ್ರ್ಯ ಹೋರಾಟದ ಬಗ್ಗೆ ಅವರು ಬರೆದ ಪುಸ್ತಕವನ್ನು ಕನ್ನಡಕ್ಕೆ ತಂದವರು ಮಣಿಪಾಲದಲ್ಲಿ ನೆಲೆಸಿರುವ ನಮ್ಮ ಲೇಖಕಿ ವೈದೇಹಿ. ಮರಿಯಾ ಮೀಸ್ ಎಂಬ ಸ್ತ್ರೀವಾದಿ ಚಿಂತಕಿಯ ಕೃತಿಯನ್ನೂ ಅವರು ಕನ್ನಡಿಸಿದ್ದಾರೆ. ಇವು 1980ರ ದಶಕದ ಕೆಲಸ. ಈ ವಿಚಾರಗಳನ್ನು ಕನ್ನಡದಲ್ಲೇ ಓದುವ ಭಾಗ್ಯ ನನ್ನ ವಿದ್ಯಾರ್ಥಿನಿಯರಿಗೆ ಸಿಕ್ಕಿದ್ದು ಹೀಗೆ.

ಇಷ್ಟು ಹೊತ್ತು ಎರಡು ಮಾತು ಹೇಳಿದೆ. ತಾಯಿಯ ಕಡೆಯ ಆಸ್ತಿ ಹೆಣ್ಣಿಗೆ ನೆಲೆ ಕೊಟ್ಟಿತು. ಯಜಮಾನಿಕೆಯನ್ನು ಮಾತ್ರ ಸಾಕಷ್ಟು ಕೊಡಲಿಲ್ಲ. ಈಗ ಮೂರನೆಯ ಮಾತು, ಕೋರ್ಟು ಮತ್ತು ಕಾಯ್ದೆಯದು. ಪಾಶ್ಚಾತ್ಯ ರಾಜಕೀಯ ಚಿಂತನೆ ಪುಸ್ತಕದಿಂದ ಇಳಿದು ನಮ್ಮ ಮನೆಯೊಳಗೆ ಬಂದದ್ದು ಈ ದಾರಿಯಲ್ಲಿ.

ಮದ್ರಾಸ್ ಹೈಕೋರ್ಟ್ ಸ್ಥಾಪನೆಯಾದದ್ದು 1862ರಲ್ಲಿ. ಮರುವರ್ಷವೇ ನಮ್ಮ ಕಡೆಯ ಒಂದು ವ್ಯಾಜ್ಯ ಅಲ್ಲಿ ತೀರ್ಮಾನವಾಯಿತು. ಮುಂಡ ಚೆಟ್ಟಿ ಮತ್ತು ತಿಮ್ಮಜು ಹೆಂಗ್ಸು ನಡುವಿನದು. ಹೆಂಗ್ಸು ಎಂಬುದು ಹೆಸರಿನ ಜೊತೆ ಬರೆಯುತ್ತಿದ್ದ ಗುರುತು. ಇಂಗ್ಲಿಷ್ ದಾಖಲೆಯಲ್ಲಿ ಅದು ಹಾಗೆಯೇ ಉಳಿದಿದೆ. ಅಳಿಯಸಂತಾನದಲ್ಲಿ ಒಬ್ಬ ಸದಸ್ಯ ಹಟ ಹಿಡಿದು ಪಾಲು ಕೇಳುವಂತಿಲ್ಲ ಎಂದು ಕೋರ್ಟು ಹೇಳಿತು. 1883ರಲ್ಲಿ ಇನ್ನೊಂದು ತೀರ್ಪು ಬಂತು. ಕ್ರಿಮಿನಲ್ ಪ್ರಕರಣ. ಅಳಿಯಸಂತಾನದವರ ಗಂಡ ಹೆಂಡಿರ ಸಂಬಂಧ ದಂಡಸಂಹಿತೆಯ ಅರ್ಥದಲ್ಲಿ ಮದುವೆಯೇ ಅಲ್ಲ ಎಂದಿತು ಅದೇ ಕೋರ್ಟು.

ಈ ವರ್ಷಗಳನ್ನು ಇಂಗ್ಲೆಂಡಿನ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಮದುವೆಯಾದ ಹೆಂಗಸಿನ ಗಳಿಕೆಯೂ ಸೊತ್ತೂ ಗಂಡನ ವಶವಾಗುತ್ತಿತ್ತು. ಅದನ್ನು ಸಡಿಲಿಸುವ ಮೊದಲ ಕಾಯ್ದೆ 1870ರದು. ಸರಿಯಾಗಿ ಬಿಡಿಸಿದ್ದು 1882ರ ಕಾಯ್ದೆ. 1863ರಲ್ಲಿ ತಿಮ್ಮಜು ತನ್ನ ಕುಟುಂಬದ ಆಸ್ತಿಗಾಗಿ ಕೋರ್ಟಿನಲ್ಲಿ ನಿಂತಾಗ, ಆ ಕೋರ್ಟಿನ ಕಾನೂನು ಎಲ್ಲಿಂದ ಬಂತೋ ಆ ದೇಶದ ಗೃಹಿಣಿಗೆ ಅವಳಷ್ಟು ಹಕ್ಕು ಇರಲಿಲ್ಲ. ಜಾನ್ ಸ್ಟುವರ್ಟ್ ಮಿಲ್ ಹೆಂಗಸರ ದಾಸ್ಯವನ್ನು ಖಂಡಿಸಿ ಬರೆದದ್ದು 1869ರಲ್ಲಿ. ಅವನು ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಸುಮಾರು 35 ವರ್ಷ ದುಡಿದವನು. ಭಾರತದ ಸಂಸ್ಥಾನಗಳಲ್ಲಿ ಚೆನ್ನಾಗಿ ಆಳ್ವಿಕೆ ನಡೆದ ಕಡೆ ಹೆಚ್ಚಾಗಿ ರಾಣಿಯರೇ ಇದ್ದರು ಎಂದು ಅದೇ ಪುಸ್ತಕದಲ್ಲಿ ಬರೆದ. ಕಚೇರಿಯ ಕಡತದಿಂದ ಅವನು ಕಲಿತ ಪಾಠ ಅದು. ನಮ್ಮ ಕಡೆಯ ರಾಣಿಯರು ಅವನ ವಾದಕ್ಕೆ ಇನ್ನೂ ಬಲ ಕೊಡುತ್ತಿದ್ದರು.

ಆಮೇಲೆ 1949ರಲ್ಲಿ ಮದ್ರಾಸ್ ಸರಕಾರ ಅಳಿಯಸಂತಾನ ಕಾಯ್ದೆ ತಂದಿತು. ಪಾಲು ಕೇಳುವ ಹಕ್ಕು ಬಂತು. ಪಾಲು ಕವರಿನ ಲೆಕ್ಕದಲ್ಲಿ. ಅಲ್ಲಿ ಒಂದು ನಿಯಮವಿದೆ. 50 ವರ್ಷ ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು. ಇಲ್ಲದಿದ್ದರೆ ನಿಸ್ಸಂತತಿ ಕವರು. ನಿಸ್ಸಂತತಿ ಕವರಿಗೆ ಸಾಮಾನ್ಯವಾಗಿ ಸಿಗುವುದು ಜೀವಮಾನದ ಹಕ್ಕು ಮಾತ್ರ. ಒಂದು ಮನೆತನದ ಭವಿಷ್ಯವನ್ನು ಕಾಯ್ದೆ ಹೆಂಗಸಿನ ವಯಸ್ಸಿನಿಂದ ಎಣಿಸಿತು. ಅವಳ ಬುದ್ಧಿಯಿಂದಲ್ಲ, ದುಡಿಮೆಯಿಂದಲ್ಲ, ಬಸಿರಾಗುವ ಸಾಧ್ಯತೆಯಿಂದ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹಳೆಯ ಕಟ್ಟು ಇನ್ನೂ ಕರಗಿತು. ಗಂಡಸಿನ ಪಾಲು ಅವನ ಹೆಂಡತಿ ಮಕ್ಕಳಿಗೆ ಹೋಗತೊಡಗಿತು. ಇದು ಆ ಮಕ್ಕಳಿಗೆ ನ್ಯಾಯ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ತಿರುಗಿ ಬಂದು ನಿಲ್ಲುವ ತಾಯಿಮನೆ ಮೆಲ್ಲಗೆ ಅಣ್ಣ ತಮ್ಮಂದಿರ ಸ್ವಂತ ಮನೆಗಳಾಯಿತು. ಪ್ಲೇಟೋನ ಬಗ್ಗೆ ಓಕಿನ್ ಹೇಳಿದ ಮಾತು ನೆನಪಿದೆಯಲ್ಲ? ಆಸ್ತಿಯ ಕಟ್ಟು ಬದಲಾದರೆ ಹೆಣ್ಣಿನ ಸ್ಥಾನ ಬದಲಾಗುತ್ತದೆ.

ನಮ್ಮ ಮನೆಯ ಪಾಲುಪಟ್ಟಿ ಓದಿದ ದಿನ ನನಗೆ ಚೆನ್ನಾಗಿ ನೆನಪಿದೆ. ಪತ್ರದಲ್ಲಿ ಮೊದಲ ಹೆಸರು ಅಜ್ಜಿಯದು. ಅವರದೇ ಕವರು. ಬರೆದವರು ಚಾವಡಿಯಲ್ಲಿ ಗಟ್ಟಿಯಾಗಿ ಓದಿದರು. ಅಜ್ಜಿ ಬಾಗಿಲ ಹಿಂದೆ ನಿಂತು ಕೇಳಿದರು. ಹೆಬ್ಬೆಟ್ಟು ಒತ್ತಲು ಶಾಯಿಯ ಪೆಟ್ಟಿಗೆಯನ್ನು ಹೊಸ್ತಿಲ ಒಳಗೆ ಕಳಿಸಿದರು. ಆ ದಿನವೂ ತಂದುಕೊಟ್ಟವಳು ನಾನೇ.

ಈಗ ಕೊನೆಯ ಭಾಗ. ಚಾವಡಿ, ಕೋರ್ಟು ಎರಡನ್ನೂ ನೋಡಿದೆವು. ನಮ್ಮ ಕಾಲದಲ್ಲಿ ಏನಾಗಿದೆ?

1971ರಲ್ಲಿ ಅಮೆರಿಕದ ಜಾನ್ ರಾಲ್ಸ್ ನ್ಯಾಯದ ಬಗ್ಗೆ ಬಹಳ ದೊಡ್ಡ ಗ್ರಂಥ ಬರೆದರು. ಸಮಾಜದ ನಿಯಮ ಮಾಡಲು ಕೂತವರಿಗೆ ತಾವು ಯಾರು, ಬಡವರೋ ಶ್ರೀಮಂತರೋ ಎಂಬುದು ಗೊತ್ತಿರಬಾರದು, ಆಗಲೇ ನಿಯಮ ನ್ಯಾಯವಾಗುತ್ತದೆ ಎಂದರು. ಒಳ್ಳೆಯ ಯೋಚನೆ. ಆದರೆ ಅಲ್ಲಿ ಕೂತವರನ್ನು ಕುಟುಂಬಗಳ ಮುಖ್ಯಸ್ಥರು ಎಂದು ಎಣಿಸಿದರು. ಓಕಿನ್ 1989ರಲ್ಲಿ ಇದನ್ನು ಹಿಡಿದು ಕೇಳಿದಳು. ಮುಖ್ಯಸ್ಥರೇ ಮಾತಾಡಿದರೆ ಮನೆಯೊಳಗಿನ ಅನ್ಯಾಯ ಯಾರ ಕಣ್ಣಿಗೆ ಬೀಳುತ್ತದೆ? ಯಾರು ಬೇಯಿಸುತ್ತಾರೆ, ಯಾರು ಕೊನೆಗೆ ಉಣ್ಣುತ್ತಾರೆ, ಯಾರ ಹೆಸರಿನಲ್ಲಿ ಏನಿದೆ, ಇದೆಲ್ಲ ನ್ಯಾಯದ ಪ್ರಶ್ನೆಯಲ್ಲವೇ? ನನಗಂತೂ ರಾಲ್ಸರ ಆ ಸಭೆ ಚಾವಡಿಯಂತೆಯೇ ಕಾಣುತ್ತದೆ.

ನಮ್ಮ ಊರ ಸಭೆಗಳೂ ಹಾಗೆಯೇ. ಕಾಪುವಿನ ಮೀನು ಮಾರುಕಟ್ಟೆಗೆ ಹೋದವರಿಗೆ ಗೊತ್ತು. ಬುಟ್ಟಿಯ ಮುಂದೆ ಕೂತ ಮೊಗವೀರ ಹೆಂಗಸು ಏಲಂ ಕೂಗಿಗೆ ಕಿವಿ ಕೊಟ್ಟು ದರ ಹಿಡಿದವಳು. ಗಿರಾಕಿ ಬಾಯಿ ತೆರೆಯುವ ಮೊದಲೇ ಅವನೆಷ್ಟಕ್ಕೆ ಕೇಳುತ್ತಾನೆ ಎಂದು ಬಲ್ಲವಳು. ಸೊಂಟದ ಚೀಲದಲ್ಲಿ ಆ ದಿನದ ದುಡ್ಡು. ಮನೆ ನಡೆಯುವುದು ಆ ಚೀಲದಿಂದ. ಊರ ಮುಖಂಡರಾದ ಗುರಿಕಾರರ ಸಾಲಿನಲ್ಲಿ ಮಾತ್ರ ಅವಳಿಗೆ ಜಾಗವಿಲ್ಲ. ಮಾರುಕಟ್ಟೆಯಲ್ಲಿ ಕಂಡ ಬುದ್ಧಿ ಸಭೆಗೆ ಬೇಡವೇ?

ಉಡುಪಿ ಜಿಲ್ಲೆಯಲ್ಲಿ ಹೆಂಗಸರೇ ಹೆಚ್ಚು. 2011ರ ಜನಗಣತಿಯಲ್ಲಿ 1,000 ಗಂಡಸರಿಗೆ ಸುಮಾರು 1,090 ಹೆಂಗಸರು. ರಾಜ್ಯದಲ್ಲೇ ಮೊದಲು. ಉಡುಪಿಯಿಂದ ಮನೋರಮಾ ಮಧ್ವರಾಜರಂಥವರು ಶಾಸಕಿಯಾಗಿ, ಸಂಸದೆಯಾಗಿ ಹೋದದ್ದುಂಟು. ಗ್ರಾಮ ಪಂಚಾಯತಿಗಳಲ್ಲಿ ಅರ್ಧ ಸ್ಥಾನ ಮೀಸಲಾದ ಮೇಲೆ ಹೆಂಗಸರು ಕೂತು ಮಾತಾಡುತ್ತಿದ್ದಾರೆ. ಆದರೆ ಬೈಂದೂರು, ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಈ ಐದು ಕ್ಷೇತ್ರಗಳಿಂದ 2023ರಲ್ಲಿ ವಿಧಾನಸಭೆಗೆ ಹೋದವರು ಐವರೂ ಗಂಡಸರು.

ಕೇಳುಗರೇ, ಮೊದಲಲ್ಲಿ ಇನ್ನೊಂದು ಕಾಗದ ಎಂದೆನಲ್ಲ, ಅದು ನಿಮ್ಮ ಜಾಗದ ಪಹಣಿ. ಅಕ್ಕಿಯ ಚೀಟಿಯಲ್ಲಿ ಹೆಂಗಸು ಮುಖ್ಯಸ್ಥೆ. ಅಕ್ಕಿ ಬೆಳೆಯುವ ಗದ್ದೆಯ ಕಾಗದದಲ್ಲಿ ಅವಳು ಎಲ್ಲಿದ್ದಾಳೆ? ಈ ಮಾತು ಮುಗಿದ ಮೇಲೆ ಪೆಟ್ಟಿಗೆಯಿಂದ ಪಹಣಿ ತೆಗೆಯಿರಿ. ಒಂಬತ್ತನೆಯ ಕಲಮಿನಲ್ಲಿ ಮಾಲಕರ ಹೆಸರಿರುತ್ತದೆ. ಅದನ್ನು ಮನೆಯ ಹೆಣ್ಣುಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಗಟ್ಟಿಯಾಗಿ ಓದಿ. ಓದುವುದು ಚಾವಡಿಯಲ್ಲೇ ಆಗಲಿ.